ಅಮೃತಬಳ್ಳಿ ಚಹಾ ಅಲ್ಲ

ಕೋವಿಡ್ ಕಾಲದಲ್ಲಿ ಶುರುವಾದ ಅಮೃತಬಳ್ಳಿಯ ಕಷಾಯವನ್ನು ಇಂದಿಗೂ ಬೆಳಿಗ್ಗೆ ಚಹಾದ ಬದಲು ಕುಡಿಯುವ ಮನೆಗಳು ಧಾರವಾಡದ ನಮ್ಮ ಓಣಿಯಲ್ಲಿವೆ. ಬಳ್ಳಿಯ ಗುಣದ ಬಗ್ಗೆ ನನಗೆ ತಕರಾರಿಲ್ಲ. ಔಷಧವೊಂದನ್ನು ಅಳತೆಯೂ ಅವಧಿಯೂ ಇಲ್ಲದೆ ಕುಡಿಯುವುದರ ಬಗ್ಗೆ ಇದೆ.

ಆಯುರ್ವೇದವು ಗುಡೂಚಿ ಎಂದು ಕರೆಯುವ ಈ ಬಳ್ಳಿಯನ್ನು ಜ್ವರ, ವಾತರಕ್ತ (ಗೌಟ್‌ನಂಥ ಕೀಲುನೋವು), ಪ್ರಮೇಹ (ಮಧುಮೇಹದಂಥ ಮೂತ್ರದ ತೊಂದರೆಗಳು), ಕಾಮಾಲೆಗಳಿಗೆ ಹೇಳಿದೆ. ಮುಖ್ಯವಾಗಿ ಬಳಸುವುದು ಕಾಂಡವನ್ನು. ವಾಕಿಂಗಿಗೆ ಹೋದವರು ಕಿತ್ತು ಅಗಿಯುವ ಎಲೆಯನ್ನಲ್ಲ. ಪುಡಿಯಾದರೆ ದಿನಕ್ಕೆ 3ರಿಂದ 6 ಗ್ರಾಂ, ಕಷಾಯಕ್ಕಾದರೆ 20ರಿಂದ 30 ಗ್ರಾಂ ಕಾಂಡ ಎಂಬುದು ರೂಢಿಯ ಪ್ರಮಾಣ.

ಗುರುತು ಹಿಡಿಯುವುದೂ ಮುಖ್ಯ. ಬಲಿತ ಕಾಂಡವನ್ನು ಉಗುರಿನಿಂದ ಕೆರೆದರೆ ಕಾಗದದಂಥ ಕಂದು ಸಿಪ್ಪೆ ಎದ್ದು ಒಳಗಿನ ಹಸಿರು ಕಾಣುತ್ತದೆ. ಅಡ್ಡಕ್ಕೆ ಕೊಯ್ದರೆ ಚಕ್ಕಡಿ ಗಾಲಿಯ ಅರಗಳಂತೆ ಗೆರೆಗಳಿರುತ್ತವೆ. ಇದರದೇ ಕುಲದ ಟಿನೋಸ್ಪೊರಾ ಕ್ರಿಸ್ಪಾದ ಕಾಂಡದ ತುಂಬ ಸಣ್ಣ ಸಣ್ಣ ಗಂಟುಗಳಿದ್ದು, ಕೊಯ್ದಾಗ ಹಾಲಿನಂಥ ರಸ ಒಸರುತ್ತದೆ. ಅದನ್ನು ಮುಟ್ಟಬಾರದು. (ಗದಗ ಜಿಲ್ಲೆಯ ಕಪ್ಪತಗುಡ್ಡದಿಂದ ಕಿತ್ತು ತರುವ ಯೋಚನೆ ಯಾರಿಗಾದರೂ ಇದ್ದರೆ ಬಿಡಿ, 2019ರಿಂದ ಅದು ವನ್ಯಜೀವಿಧಾಮ. ಬೇವಿನ ಮರದ ಬುಡಕ್ಕೆ ಒಂದು ತುಂಡು ಕಾಂಡ ನೆಟ್ಟರೆ ಸಾಕು, ತಾನೇ ಹಬ್ಬುತ್ತದೆ.)

ಯಕೃತ್ತಿನ ವಿಷಯ ಇದಕ್ಕಿಂತ ಗಂಭೀರವಾದುದು. ದೇಶದ 13 ಆಸ್ಪತ್ರೆ ಕೇಂದ್ರಗಳ ಯಕೃತ್ ತಜ್ಞರು, ಅಮೃತಬಳ್ಳಿ ಸೇವಿಸಿದ ಮೇಲೆ ಯಕೃತ್ತಿಗೆ ಪೆಟ್ಟು ಬಿದ್ದ 43 ಜನರ ವಿವರಗಳನ್ನು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣಗಳಿದ್ದವು. ಆಯುಷ್ ಸಚಿವಾಲಯವು ಅದೇ ವರ್ಷ, ಸರಿಯಾದ ಅಮೃತಬಳ್ಳಿ ಸುರಕ್ಷಿತವೆಂದೂ ಕ್ರಿಸ್ಪಾದೊಂದಿಗಿನ ಗೊಂದಲ ತಪ್ಪಿಸಬೇಕೆಂದೂ ಹೇಳಿತು. ತಪ್ಪು ಗುರುತೊಂದರಿಂದಲೇ ಎಲ್ಲವನ್ನೂ ವಿವರಿಸಬಹುದೆಂದು ನನಗನಿಸುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಗುಣ ಇದಕ್ಕಿದೆ ಎಂದು ನಂಬಿಯೇ ಕುಡಿಯುತ್ತೇವಾದ್ದರಿಂದ, ಆ ಶಕ್ತಿ ಮೊದಲೇ ಹಾದಿ ತಪ್ಪಿರುವ ದೇಹದಲ್ಲಿ ಅದೇ ಗುಣ ತೊಂದರೆಯಾಗಬಹುದು ಎಂಬುದನ್ನೂ ಒಪ್ಪಬೇಕಾಗುತ್ತದೆ.

ಆದ್ದರಿಂದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ, ಲೂಪಸ್, ಹ್ಯಾಶಿಮೋಟೊ ಥೈರಾಯ್ಡ್‌ನಂಥ ಕಾಯಿಲೆ ಇರುವವರು, ಯಕೃತ್ತಿನ ಕಾಯಿಲೆಯವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು. ಮಧುಮೇಹದ ಗುಳಿಗೆಯ ಜೊತೆ ಸೇವಿಸಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ಕುಡಿಯುತ್ತಿರುವಾಗ ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಗಟ್ಟಿದರೆ, ಊಟ ಸೇರದೆ ವಾಕರಿಕೆ ಬಂದರೆ ಕಷಾಯವನ್ನು ಅಂದೇ ನಿಲ್ಲಿಸಿ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು. ಕುಡಿದದ್ದೇನೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು.