ವೇಷದ ಪೆಟ್ಟಿಗೆಯ ಲೆಕ್ಕ: ಯಾರು ನೋಡಬಹುದು, ಯಾರು ಬರೆಯಬಹುದು

ಉಡುಪಿ ಹತ್ತಿರದ ನಮ್ಮ ಹವ್ಯಾಸಿ ಯಕ್ಷಗಾನ ಸಂಘಕ್ಕೆ ಒಂದು ವೆಬ್ ಆ್ಯಪ್ ಮಾಡುತ್ತಿದ್ದೇನೆ. ಒಂದು ಗೂಗಲ್ ಶೀಟ್, ಅದರ ಮೇಲೆ ಆ್ಯಪ್ಸ್ ಸ್ಕ್ರಿಪ್ಟ್ (ಶೀಟಿಗೆ ಕೋಡ್ ಬರೆಯಲು ಗೂಗಲ್ ಕೊಡುವ ಸಾಧನ). ಯಾವ ಕಿರೀಟ ಯಾರ ಮನೆಯಲ್ಲಿದೆ, ಯಾವ ಕೇದಗೆ ಮುಂದಲೆ (ತಲೆಗೆ ಕಟ್ಟುವ ವೇಷ) ರಿಪೇರಿಗೆ ಹೋಗಿದೆ, ಗೆಜ್ಜೆ ಯಾರು ಒಯ್ದರು, ಅವರ ಫೋನ್ ನಂಬರ್ ಏನು, ಎಲ್ಲ ಅದರಲ್ಲಿದೆ. ಆ್ಯಪ್ ಓಡುತ್ತಿದೆ. ಆದರೆ ಈ ಮೂರು ವಾರ ಪೂರ್ತಿ ಹೋದದ್ದು ಯಾರಿಗೆ ಎಷ್ಟು ತೆರೆದಿಡಬೇಕು ಅನ್ನುವುದಕ್ಕೆ.

ಮೊದಲ ವಾರ

ಡಿಪ್ಲಾಯ್ ಮಾಡುವಾಗ, ಅಂದರೆ ಆ್ಯಪನ್ನು ಲಿಂಕ್ ಆಗಿ ಹೊರಗೆ ಬಿಡುವಾಗ, ಗೂಗಲ್ ಎರಡು ವಿಷಯ ಕೇಳುತ್ತದೆ. ಆ್ಯಪ್ ನನ್ನ ಹೆಸರಿನಲ್ಲಿ ಓಡಬೇಕೋ, ತೆರೆದವರ ಹೆಸರಿನಲ್ಲೋ? ತೆರೆಯುವುದು ನಾನೊಬ್ಬನೋ, ಗೂಗಲ್ ಖಾತೆ ಇರುವವರೋ, ಯಾರು ಬೇಕಾದರೂ ಸೈಯೋ? ನಾನು 'ನನ್ನ ಹೆಸರು, ಯಾರು ಬೇಕಾದರೂ' ಅಂತ ಕೊಟ್ಟು ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಶೀಟನ್ನು ಯಾರಿಗೂ ಶೇರ್ ಮಾಡಿಲ್ಲ, ಹಾಗಾಗಿ ಭಯ ಇಲ್ಲ ಅಂದುಕೊಂಡಿದ್ದೆ. ಅದು ತಪ್ಪು. ಆ್ಯಪ್ ನನ್ನ ಹೆಸರಿನಲ್ಲಿ ಓಡುವಾಗ ಶೀಟಿನ ಬಾಗಿಲು ತೆಗೆಯುವುದು ನನ್ನ ಕೀಲಿಯಿಂದಲೇ.

ನಾಲ್ಕು ದಿನದಲ್ಲಿ ಭಾಗವತರ ಫೋನ್ ಬಂತು. "ಎಂತ ಮಾರಾಯ, ಗುರುತಿಲ್ಲದವರೆಲ್ಲ ಕಿರೀಟ ಬಾಡಿಗೆಗೆ ಉಂಟಾ ಅಂತ ಕೇಳ್ತಿದ್ದಾರೆ!" ಲಿಂಕ್ ಗ್ರೂಪಿನಿಂದ ಗ್ರೂಪಿಗೆ ಹೋಗಿತ್ತು. ಹಿರಿಯರ ನಂಬರ್ ನನ್ನಿಂದ ಹೊರಗೆ ಹೋಯಿತಲ್ಲ ಅಂತ ತುಂಬಾ ಬೇಸರವಾಯಿತು. ಅವರ ಮನೆಗೇ ಹೋಗಿ ಕ್ಷಮೆ ಕೇಳಿದೆ.

ಎರಡನೇ ವಾರ

ಗೂಗಲ್ ಖಾತೆಯಲ್ಲಿ ಲಾಗಿನ್ ಆದವರಿಗೆ ಮಾತ್ರ ತೆರೆದು, ಅವರ ಇಮೇಲ್ ನಮ್ಮ ಪಟ್ಟಿಯಲ್ಲಿದೆಯಾ ಅಂತ ಕೋಡಿನಲ್ಲೇ ನೋಡೋಣ ಅಂದುಕೊಂಡೆ. ನಾನು ತೆರೆದರೆ ಇಮೇಲ್ ಸರಿಯಾಗಿ ಬರುತ್ತಿತ್ತು. ತಂಗಿಯ ಫೋನಿನಲ್ಲಿ ಖಾಲಿ! ಎರಡು ಸಂಜೆ ಹುಡುಕಿದ ಮೇಲೆ ಗೊತ್ತಾಯಿತು. ನಮ್ಮಂಥ ಸಾಮಾನ್ಯ ಜಿಮೇಲ್ ಖಾತೆಗಳಲ್ಲಿ, ಆ್ಯಪ್ ನನ್ನ ಹೆಸರಿನಲ್ಲಿ ಓಡುತ್ತಿದ್ದರೆ ತೆರೆದವರ ಇಮೇಲ್ ನನಗೆ ಸಿಗುವುದಿಲ್ಲ. ಅವರ ಗುರುತನ್ನು ಅವರ ಒಪ್ಪಿಗೆ ಇಲ್ಲದೆ ನನಗೆ ಕೊಡದಿರುವುದು ಸರಿಯೇ, ಅಲ್ವಾ? ಒಂದು ತಾತ್ಕಾಲಿಕ ಗುರುತಿನ ಕೀ ಸಿಗುತ್ತದೆ, ಆದರೆ ಅದು 30 ದಿನಕ್ಕೊಮ್ಮೆ ಬದಲಾಗುತ್ತದೆ. ಪಟ್ಟಿ ಇಡಲು ಬರುವುದಿಲ್ಲ.

ಅಂದಿನಿಂದ ಏನೇ ಬದಲಾಯಿಸಿದರೂ ತಂಗಿಯ ಫೋನಿನಲ್ಲಿ ನೋಡದೆ ಯಾರಿಗೂ ಕಳಿಸುತ್ತಿಲ್ಲ.

ಈ ವಾರ

ಈಗ ಎರಡು ಬೇರೆ ಸ್ಕ್ರಿಪ್ಟ್ ಮಾಡಿದ್ದೇನೆ. ಒಂದು ಎಲ್ಲರಿಗೂ. ಅದರಲ್ಲಿ ಸಾಮಾನು ಉಂಟು ಅಥವಾ ಇಲ್ಲ, ಅಷ್ಟೇ. ಇನ್ನೊಂದು ಪೆಟ್ಟಿಗೆ ನೋಡಿಕೊಳ್ಳುವ ಮೂವರಿಗೆ, ತೆರೆದವರ ಹೆಸರಿನಲ್ಲೇ ಓಡುವಂಥದ್ದು. ಅದಕ್ಕೆ ಅವರಿಗೆ ಶೀಟನ್ನೂ ಶೇರ್ ಮಾಡಲೇಬೇಕು. ಹಾಗೆ ಮಾಡಿದರೆ ಅವರು ಶೀಟನ್ನು ನೇರವಾಗಿಯೂ ತೆರೆಯಬಹುದು. ನನಗೆ ಇದು ಇಷ್ಟವಾಯಿತು. ಯಾರಾದರೂ ಊರು ಬಿಟ್ಟು ಹೋದರೆ ಶೇರ್ ಪಟ್ಟಿಯಿಂದ ಹೆಸರು ತೆಗೆದರೆ ಸಾಕು, ಆ್ಯಪಿನಲ್ಲೂ ಅವರಿಗೆ ಏನೂ ಸಿಗುವುದಿಲ್ಲ. ಮೊದಲ ಸಲ ತೆರೆದಾಗ 'ಗೂಗಲ್ ಈ ಆ್ಯಪನ್ನು ಪರಿಶೀಲಿಸಿಲ್ಲ' ಅಂತ ಎಚ್ಚರಿಕೆ ಬರುತ್ತದೆ. ಸುಮ್ನೆ ಒತ್ತಿ ಅನ್ನಲು ಮನಸ್ಸಾಗಲಿಲ್ಲ. ಮೂವರ ಹತ್ತಿರವೂ ಕೂತು, ಆ್ಯಪ್ ಏನೇನು ಕೇಳುತ್ತಿದೆ ಅಂತ ಓದಿ ಹೇಳಿದೆ.

ಹಳೆಯ ಡಿಪ್ಲಾಯ್‌ಮೆಂಟನ್ನು ಆರ್ಕೈವ್ ಮಾಡಿದ್ದೂ, ಅಂದರೆ ಅದರ ಲಿಂಕ್ ಮುಚ್ಚಿದ್ದೂ, ಈ ವಾರವೇ. ಹೊಸತು ಮಾಡಿದರೆ ಹಳೆಯ ಲಿಂಕ್ ತಾನಾಗಿ ಸಾಯುವುದಿಲ್ಲ. ನಂಬರುಗಳಿದ್ದ ಆ ಪುಟ ಇಷ್ಟು ದಿನ ತೆರೆದೇ ಇತ್ತು.

ಇನ್ನು ಬಾಕಿ ಇರುವುದು ಭಾಗವತರ ಫೋನ್. ಅದರಲ್ಲಿ ಎರಡು ಗೂಗಲ್ ಖಾತೆ ಇವೆ, ಬೇರೆ ಖಾತೆಯಿಂದ ಹೋಗಿ ಪುಟ ತೆರೆಯುತ್ತಿಲ್ಲ. ಭಾನುವಾರ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಸಿಗುತ್ತಾರೆ, ಬಣ್ಣ ಶುರುವಾಗುವ ಮೊದಲೇ ನೋಡಬೇಕು.