ಹಂಚಿನ ಕಾರ್ಖಾನೆಯಲ್ಲೊಂದು ಸರ್ಕಸ್: ಮಳೆಗಾಲದ ಕೆಲಸದ ದಾಖಲೆ

ಮಂಗಳೂರಿನಲ್ಲಿ ಒಲೆ ಆರಿ ಹಲವು ವರ್ಷಗಳಾದ ಒಂದು ಹಂಚಿನ ಕಾರ್ಖಾನೆಯಿದೆ. ಅಲ್ಲಿ ಹಸಿ ಹಂಚುಗಳನ್ನು ಒಣಗಿಸುತ್ತಿದ್ದ ಉದ್ದನೆಯ ಶೆಡ್ಡನ್ನು ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಮಟ್ಟಿಗೆ ನಮಗೆ ಬಿಟ್ಟುಕೊಡಲು ಅದರ ಮಾಲೀಕರ ಕುಟುಂಬದವರು ಒಪ್ಪಿದ್ದಾರೆ. ನಾವು ಏಳು ಜನ ಸೇರಿ ಅಲ್ಲಿ ಸರ್ಕಸ್ಸನ್ನು ವಸ್ತುವಾಗಿಟ್ಟುಕೊಂಡ ಒಂದು ಪ್ರತಿಷ್ಠಾಪನಾ ಕಲಾಕೃತಿಯನ್ನು, ಅಂದರೆ ಜನ ಒಳಹೊಕ್ಕು ಅನುಭವಿಸುವ ಇನ್‌ಸ್ಟಲೇಶನ್ನನ್ನು, ಕಟ್ಟುತ್ತಿದ್ದೇವೆ. ಬಂದವರು ಅದನ್ನು ಸುತ್ತಿ ನೋಡಿ ಹೋಗುವುದಷ್ಟೇ ನಮ್ಮ ಉದ್ದೇಶವಲ್ಲ. ಅವರು ಕಣದೊಳಗೆ ಕಾಲಿಟ್ಟು, ನಮ್ಮ ಕಲಾವಿದರು ಆ ಕ್ಷಣದಲ್ಲಿ ಹುಟ್ಟಿಸುವ ಆಟದಲ್ಲಿ ಪಾಲುಗೊಳ್ಳಬೇಕು ಎಂಬುದು ಮೊದಲಿನಿಂದಲೂ ಇರುವ ಆಸೆ. ಆ ಆಸೆ ಕೆಲಸವಾಗಿ ಮಾರ್ಪಡುವಾಗ ಏನೇನು ಬದಲಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಜೂನ್

ಮೊದಲ ಕೆಲಸ ಕಣದ ಅಳತೆ. ಸರ್ಕಸ್ಸಿನ ಕಣಕ್ಕೆ 42 ಅಡಿ ವ್ಯಾಸ ಎಂಬುದು ಜಗತ್ತಿನಾದ್ಯಂತ ನಿಂತಿರುವ ಲೆಕ್ಕ. ಅಶ್ವದಳದಲ್ಲಿ ಸೇವೆ ಸಲ್ಲಿಸಿ ಬಂದ ಫಿಲಿಪ್ ಆಸ್ಟ್ಲಿ 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಸವಾರಿಯ ಪ್ರದರ್ಶನಗಳನ್ನು ಆರಂಭಿಸಿದರು. ವರ್ತುಲದಲ್ಲಿ ಓಡುವ ಕುದುರೆಯ ಬೆನ್ನ ಮೇಲೆ ನಿಂತ ಸವಾರ ಒಳಮುಖವಾಗಿ ವಾಲಿದರೆ ಹೊರಗೆಸೆಯುವ ಬಲಕ್ಕೆ ಆ ವಾಲುವಿಕೆ ಸರಿದೂಗುತ್ತದೆ ಎಂಬ ಅನುಭವವೇ ಆ ಅಳತೆಯ ಹಿಂದಿದೆ. ನಮ್ಮ ಶೆಡ್ಡಿನಲ್ಲಿ ಎರಡು ಸಾಲು ಕಂಬಗಳ ನಡುವಿನ ಅಂತರ 28 ಅಡಿಗಳಷ್ಟೇ ಇರುವುದರಿಂದ 42 ಅಡಿಯ ಮಾತು ಅಲ್ಲಿಗೇ ಮುಗಿಯಿತು. ಬಾಯಿಗೆ ಬಂದ ಅಳತೆಯೊಂದನ್ನು ಇಟ್ಟುಕೊಳ್ಳುವ ಬದಲು ಸರಿಯಾಗಿ ಅರ್ಧಕ್ಕಿಳಿಸಿ 21 ಅಡಿ ಎಂದು ನಿಶ್ಚಯಿಸಿದೆವು. ನಡುವೆ ಗೂಟ ಹೊಡೆದು, ಹತ್ತೂವರೆ ಅಡಿಯ ಹಗ್ಗದ ತುದಿಗೆ ಸುಣ್ಣದ ಪುಡಿಯ ಡಬ್ಬಿ ಕಟ್ಟಿ ಸುತ್ತು ಬಂದೆವು. ಆ ಬಿಳಿಯ ಗೆರೆ ಕೂಡಿಕೊಂಡ ಕೂಡಲೇ, ಇನ್ನೇನೂ ಇಲ್ಲದ ಆ ನೆಲ ಬೇರೆಯೇ ಜಾಗವಾಯಿತು. ನಮ್ಮಲ್ಲಿ ಯಾರೂ ಗೆರೆಯನ್ನು ಸುಮ್ಮನೆ ದಾಟಲಿಲ್ಲ. ಎಲ್ಲರೂ ಒಂದು ಕ್ಷಣ ನಿಂತು, ಆಮೇಲೆ ಒಳಗೆ ಹೋದರು.

ಚಿಕ್ಕ ಕಣ ನಮಗೆ ಉಪಕಾರವನ್ನೇ ಮಾಡಿತು. ಗೆರೆಯ ಒಳಬದಿಯಲ್ಲಿ ಸೆಕೆಂಡಿಗೆ ಮೂರು ಮೀಟರಿನಂತೆ ಓಡಿದರೆ ಮೈ ಸುಮಾರು 16 ಡಿಗ್ರಿ ಒಳಕ್ಕೆ ವಾಲಬೇಕಾಗುತ್ತದೆ. ಇದು ಸಾಮಾನ್ಯ ಮನುಷ್ಯನೊಬ್ಬ ಮೆಲ್ಲಗೆ ಓಡುವ ವೇಗ. ಕುದುರೆಯೇ ಇಲ್ಲದೆ, ಆಸ್ಟ್ಲಿ ಕಂಡುಕೊಂಡದ್ದನ್ನು ಬಂದವರ ದೇಹವೇ ಕಂಡುಕೊಳ್ಳುತ್ತದೆ. ಆದ್ದರಿಂದ ಕಣವನ್ನು ಪ್ರವೇಶಿಸುವವರು ಮೊದಲು ಎರಡು ಸುತ್ತು ಓಡಬೇಕು, ಆಗದವರು ನಡೆಯಬೇಕು ಎಂದು ತೀರ್ಮಾನಿಸಿದೆವು.

ನೆಲಕ್ಕೆ ಮರದ ಹೊಟ್ಟು ಹಾಸಿ ನೋಡಿದೆವು. ವಾಸನೆ ಸೊಗಸಾಗಿತ್ತು, ಆದರೆ ಹತ್ತು ನಿಮಿಷದಲ್ಲಿ ಇಬ್ಬರಿಗೆ ಕೆಮ್ಮು ಹತ್ತಿತು. ತೆಂಗಿನ ನಾರಿನ ಚಾಪೆಗೆ ಬದಲಾಯಿಸಿದ್ದೇವೆ.

ಜುಲೈ

ಈ ತಿಂಗಳಿನಷ್ಟು ಸಂತೋಷ ಕೊಟ್ಟ ಕೆಲಸ ನನ್ನ ನೆನಪಿನಲ್ಲಿ ಇನ್ನೊಂದಿಲ್ಲ. ಹಗ್ಗದ ಮೇಲಿನ ನಡಿಗೆ ಇಲ್ಲದೆ ಸರ್ಕಸ್ ಇಲ್ಲ. ಬೀದಿಯಲ್ಲಿ ಎರಡು ಕತ್ತರಿ ಬಿದಿರುಗಳ ನಡುವೆ ಹಗ್ಗ ಬಿಗಿದು ನಡೆಯುವ ದೊಂಬರಾಟವನ್ನು ಕಂಡು ಬೆಳೆದ ನಮಗೆ ಅದು ಡೇರೆಗಿಂತಲೂ ಹಳೆಯ ನೆನಪು. ಆದರೆ ಅಭ್ಯಾಸವಿಲ್ಲದವರನ್ನು ಎತ್ತರಕ್ಕೆ ಹತ್ತಿಸುವುದು ಯಾವ ಕಾರಣಕ್ಕೂ ಸಲ್ಲದು. ಎತ್ತರವಿಲ್ಲದೆ ಎತ್ತರದ ಅನುಭವವನ್ನು ಕೊಡುವುದು ಹೇಗೆ ಎಂಬುದೇ ಪ್ರಶ್ನೆಯಾಗಿತ್ತು. ನೆರಳಿನ ಆಟವನ್ನು ಪ್ರಯತ್ನಿಸಿದೆವು. ಪರದೆಯ ಮೇಲಿನ ನೆರಳು ನೋಡುವವರಿಗೆ ಚೆನ್ನಾಗಿ ಕಂಡರೂ ನಡೆಯುವವರಿಗೆ ಏನೂ ಆಗಲಿಲ್ಲ.

ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಮೂಲೆಯಲ್ಲಿದ್ದ ಹಳೆಯ ಕಪಾಟಿನ ಕನ್ನಡಿಯನ್ನು ಒರೆಸಲೆಂದು ನೆಲದ ಮೇಲೆ ಮಲಗಿಸಿದ್ದೆವು. ಅದರ ಪಕ್ಕದಲ್ಲಿ ಹಾದುಹೋಗುತ್ತ ಕೆಳಗೆ ನೋಡಿದ ನನಗೆ ಒಂದು ಹೆಜ್ಜೆ ಹಿಂದೆ ಸರಿಯುವಂತಾಯಿತು. ಶೆಡ್ಡಿನ ಮಾಡು ನೆಲದಿಂದ 24 ಅಡಿ ಎತ್ತರದಲ್ಲಿದೆ; ಕನ್ನಡಿಯಲ್ಲಿ ಅದು ನೆಲದಿಂದ ಅಷ್ಟೇ ಆಳದಲ್ಲಿ ಕಾಣುತ್ತಿತ್ತು. ಪಕ್ಕಾಸುಗಳು, ರೀಪುಗಳು, ಸಾಲು ಸಾಲು ಹಂಚುಗಳ ಬೆನ್ನು, ಅವುಗಳ ನಡುವೆ ಬೆಳಕಿಗೆಂದು ಹಾಕಿದ ಗಾಜಿನ ಹಂಚು, ಆ ಗಾಜಿನಾಚೆ ಮಳೆಯ ಮೋಡ, ಇವೆಲ್ಲವೂ ಪಾದದ ಬುಡದಲ್ಲಿದ್ದವು. ಆಳವನ್ನು ಕಟ್ಟುವ ಅಗತ್ಯವೇ ಇರಲಿಲ್ಲ. ಅದು ನಮ್ಮ ತಲೆಯ ಮೇಲೆ ಮೊದಲೇ ಇತ್ತು.

ಅಲ್ಲಿಂದ ಮುಂದೆ ಕೆಲಸ ವೇಗವಾಗಿ ಸಾಗಿತು. ಹದಿನಾರು ಅಡಿ ಉದ್ದ, ನಾಲ್ಕು ಇಂಚು ಅಗಲ, ಆರು ಇಂಚು ಎತ್ತರದ ಮರದ ತೊಲೆಯೊಂದಕ್ಕೆ ಹುರಿಹಗ್ಗವನ್ನು ಒತ್ತೊತ್ತಾಗಿ ಸುತ್ತಿದೆವು. ಎರಡೂ ಬದಿಗೆ ಎಂಟು ಅಡಿಗೆ ನಾಲ್ಕು ಅಡಿಯ ಅಕ್ರಿಲಿಕ್ ಕನ್ನಡಿಯ ತಲಾ ಎರಡು ಹಾಳೆಗಳನ್ನು ಇಡಬೇಕು. ಗಾಜಿನ ಕನ್ನಡಿ ಒಡೆದರೆ ಅಪಾಯ. ಅಕ್ರಿಲಿಕ್ಕಿಗೂ ಒಂದು ತೊಂದರೆಯಿದೆ. ಕಾರ್ಖಾನೆಯ ಉಬ್ಬುತಗ್ಗಿನ ನೆಲದ ಮೇಲೆ ಅದು ಬಾಗಿ, ಮಾಡಿನ ಚಿತ್ರ ಕೆರೆಯ ನೀರಿನಲ್ಲಿ ಕಂಡಂತೆ ಅಲುಗಾಡಿತು. ಮರಳು ಹರಡಿ ಸಮ ಮಾಡಿ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ಕೆಳಗೆ ಕೊಟ್ಟ ಮೇಲೆ ಆ ದೋಷ ಹೋಯಿತು.

ಸೀರೆಯುಟ್ಟವರು, ಲಂಗ ತೊಟ್ಟವರು ಕನ್ನಡಿಯ ಪಕ್ಕದಲ್ಲೇ ನಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಗುಂಪಿನ ಹೆಣ್ಣುಮಕ್ಕಳು ಮೊದಲ ದಿನವೇ ಎತ್ತಿದರು. ಇದು ನನಗೆ ಹೊಳೆಯದೆ ಹೋದದ್ದಕ್ಕೆ ಬೇಸರವಿದೆ. ಕನ್ನಡಿಗಳನ್ನು ತೊಲೆಯಿಂದ ಎರಡಡಿ ದೂರಕ್ಕೆ ಸರಿಸಿ, ನಡುವಿನ ಜಾಗಕ್ಕೆ ನಾರಿನ ಚಾಪೆ ಹಾಸಿದ್ದೇವೆ. ಹಾಗೆ ಮಾಡಿದ ಮೇಲೆ ಕಾಲು ಜಾರಿದವರು ಚಾಪೆಯ ಮೇಲೆ ಇಳಿಯುತ್ತಾರೆಯೇ ಹೊರತು ಕನ್ನಡಿಯ ಮೇಲಲ್ಲ ಎಂಬ ಇನ್ನೊಂದು ಅನುಕೂಲವೂ ಆಯಿತು. ಕೈಗೆ ಆರು ಅಡಿಯ ಬಿದಿರಿನ ಗಳ ಕೊಡುತ್ತೇವೆ. ಗಳ ಉದ್ದವಾದಷ್ಟೂ ಮೈ ವಾಲುವ ವೇಗ ಕಡಿಮೆಯಾಗಿ, ತೂಕ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಹತ್ತಡಿಯದು ಇನ್ನೂ ಒಳ್ಳೆಯದಿತ್ತು, ಆದರೆ ಅದು ಕಂಬಕ್ಕೆ ತಾಗುತ್ತಿತ್ತು.

ಕನ್ನಡಿಗೆ ಗಾಜಿನ ಹಂಚಿನ ಬೆಳಕು ಬೇಕೇಬೇಕು. ವಿದ್ಯುದ್ದೀಪದಲ್ಲಿ ಆಳ ಹುಟ್ಟುವುದಿಲ್ಲ. ಹೀಗಾಗಿ ಪ್ರದರ್ಶನದ ಹೊತ್ತು ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಎಂದು ತಾನಾಗಿಯೇ ನಿರ್ಧಾರವಾಯಿತು.

ಜುಲೈ ಕೊನೆಯ ವಾರ, ತಲಶ್ಶೇರಿ

ಸರ್ಕಸ್ಸಿನ ಬಗ್ಗೆ ಕೆಲಸ ಮಾಡುವವರು ಕೇರಳದ ತಲಶ್ಶೇರಿಗೆ ಹೋಗದಿದ್ದರೆ ಅದು ಅರೆಬರೆ ಕೆಲಸವೇ. ವಿಷ್ಣುಪಂತ ಛತ್ರೆ 1880ರಲ್ಲಿ ಮುಂಬಯಿಯಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ಸನ್ನು ಆರಂಭಿಸಿದರು. ಅಲ್ಲಿಂದ ಮುಂದಿನ ತಲೆಮಾರುಗಳ ಕಲಾವಿದರನ್ನು ತಯಾರು ಮಾಡಿದ ಊರು ತಲಶ್ಶೇರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಅಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಅದೇ ಊರಿನ ಚಿರಕ್ಕರದಲ್ಲಿ ಸರ್ಕಸ್ ಶಾಲೆಯನ್ನು ತೆರೆದರು. ಮಂಗಳೂರಿನಲ್ಲಿ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ್ದೂ ಅದೇ ಬಾಸೆಲ್ ಮಿಷನ್. ಹಂಚಿನ ಶೆಡ್ಡಿನಲ್ಲಿ ಸರ್ಕಸ್ ಕಟ್ಟುವುದು ನಮ್ಮ ಸ್ವಂತ ಕಲ್ಪನೆ ಎಂದುಕೊಂಡಿದ್ದೆ. ಎರಡಕ್ಕೂ ಒಂದೇ ಕರಾವಳಿಯಲ್ಲಿ ಇಷ್ಟು ಹತ್ತಿರದ ನಂಟಿದೆ ಎಂದು ತಿಳಿದಾಗ ಬಹಳ ಹೊತ್ತು ಬೇರೆ ಮಾತು ಹೊಳೆಯಲಿಲ್ಲ.

ಡೇರೆಯಲ್ಲಿ ದೀರ್ಘಕಾಲ ದುಡಿದು ಈಗ ವಿಶ್ರಾಂತ ಜೀವನ ನಡೆಸುತ್ತಿರುವ ಹಿರಿಯ ಕಲಾವಿದೆಯೊಬ್ಬರನ್ನು ಭೇಟಿಯಾದೆವು. ಕಾಸರಗೋಡಿನ ಸ್ನೇಹಿತರೊಬ್ಬರು ನಮ್ಮ ಕನ್ನಡವನ್ನು ಅವರ ಮಲಯಾಳಕ್ಕೂ ಅವರ ಮಲಯಾಳವನ್ನು ನಮ್ಮ ಕನ್ನಡಕ್ಕೂ ತಂದರು. ನಮ್ಮ ನಕ್ಷೆಯನ್ನು ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಕಲೆಯ ಬಗ್ಗೆ ಏನೂ ಹೇಳಲಿಲ್ಲ. ತೊಲೆಯ ಎರಡೂ ತುದಿಗಳಲ್ಲಿ ನಿಂತುಕೊಳ್ಳಲು ಜಾಗವಿಲ್ಲವೆಂದು ಬೆರಳಿಟ್ಟು ತೋರಿಸಿ, ನಡೆದು ಮುಗಿಸಿದವರಿಗೆ ಎರಡು ಪಾದ ಊರಿ ಜನರ ಕಡೆ ತಿರುಗಲು ಒಂದು ಹಲಗೆ ಬೇಡವೇ ಎಂದು ಕೇಳಿದರು. ಎರಡು ತುದಿಗೂ ಎರಡಡಿ ಚೌಕದ ಹಲಗೆಯನ್ನು ಸೇರಿಸಿದ್ದೇವೆ.

ಆಗಸ್ಟ್

ಆಶು ಅಭಿನಯದ ಮೊದಲ ಪ್ರಯೋಗ ವಿಫಲವಾಯಿತು. ಇದನ್ನು ಮುಚ್ಚಿಡದೆ ಬರೆಯಬೇಕು. ನೆರೆಹೊರೆಯ ಇಪ್ಪತ್ತು ಜನರನ್ನು ಕರೆದಿದ್ದೆವು. ಜೋಕರ್ ಪಾತ್ರದಲ್ಲಿದ್ದ ನಮ್ಮವರು ಉತ್ಸಾಹದಲ್ಲಿ ಮಧ್ಯವಯಸ್ಸಿನ ಒಬ್ಬರ ಕೈಹಿಡಿದು ಕಣಕ್ಕೆ ಎಳೆದು ತಂದು, ಅವರ ನಡಿಗೆಯನ್ನು ಅಣಕಿಸಿದರು. ಎಲ್ಲರೂ ನಕ್ಕರು. ಆ ಮಹನೀಯರೂ ನಕ್ಕರು. ಆದರೆ ಚಹಾ ಕೊಡುವ ಹೊತ್ತಿಗೆ ಅವರು ಅಲ್ಲಿರಲಿಲ್ಲ. ಮಾರನೆಯ ದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆವು. ಒಬ್ಬರನ್ನು ನಗೆಪಾಟಲಿಗೆ ಈಡುಮಾಡಿ ಪಡೆದ ನಗು ನಮಗೆ ಬೇಡ ಎಂಬ ವಿಷಯದಲ್ಲಿ ಎರಡನೆಯ ಅಭಿಪ್ರಾಯ ಇರಲಿಲ್ಲ. ಆದರೆ ಅದು ನಡೆಯದಂತೆ ತಡೆಯುವ ಏರ್ಪಾಡು ಯಾವುದು ಎಂಬುದು ತಿಳಿಯದೆ ಎರಡು ವಾರ ಕೆಲಸ ನಿಂತಿತು.

ದಾರಿ ತೋರಿಸಿದವರು ನಮ್ಮ ಗುಂಪಿನಲ್ಲಿರುವ, ತಾಳಮದ್ದಲೆಯಲ್ಲಿ ಅರ್ಥ ಹೇಳುವ ನಿವೃತ್ತ ಮೇಷ್ಟ್ರು. ಯಕ್ಷಗಾನದ ಪ್ರಸಂಗವನ್ನು ಕುಳಿತಲ್ಲೇ ಹಾಡು ಮತ್ತು ಮಾತಿನಲ್ಲಿ ನಡೆಸುವುದು ತಾಳಮದ್ದಲೆ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಆದರೂ ಅದು ಚೆಲ್ಲಾಪಿಲ್ಲಿಯಾಗುವುದಿಲ್ಲ, ಏಕೆಂದರೆ ಭಾಗವತರು ಇದ್ದಾರೆ. ಪದ್ಯ ಎತ್ತುವವರು ಅವರು. ಆ ಪದ್ಯದ ಅಂಗಳದೊಳಗೆ ಅರ್ಥಧಾರಿ ಎಷ್ಟು ಬೇಕಾದರೂ ವಿಹರಿಸಬಹುದು. ಮಾತು ದಾರಿ ತಪ್ಪಿತು ಎನ್ನಿಸಿದರೆ ಭಾಗವತರು ಮುಂದಿನ ಪದ್ಯವನ್ನು ಎತ್ತಿಬಿಡುತ್ತಾರೆ. “ನಿಮ್ಮ ಆಟದಲ್ಲಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಭಾಗವತರೇ ಇಲ್ಲವಲ್ಲ” ಎಂದು ಮೇಷ್ಟ್ರು ಹೇಳಿದಾಗ ನಮ್ಮ ತಪ್ಪು ಎಲ್ಲಿತ್ತೆಂಬುದು ಕಣ್ಣಿಗೆ ಕಟ್ಟಿತು. ಅದುವರೆಗೆ ನಮ್ಮ ಯೋಜನೆಯಲ್ಲಿ ಚಾಟಿ ಹಿಡಿದ ರಿಂಗ್ ಮಾಸ್ಟರ್ ಒಬ್ಬನಿದ್ದ. ಆ ಪಾತ್ರವನ್ನು ತೆಗೆದುಹಾಕಿ ಆ ಅಧಿಕಾರವನ್ನೆಲ್ಲ ನಮ್ಮ ಆಟಕ್ಕೆ ಚೆಂಡೆ ಬಾರಿಸುವವರ ಕೈಗೆ ಒಪ್ಪಿಸಿದ್ದೇವೆ.

ಈಗಿನ ಏರ್ಪಾಡು ಹೀಗಿದೆ. ಬಾಗಿಲಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಟಿಕೆಟನ್ನು ತಾವೇ ಆರಿಸಿಕೊಳ್ಳುತ್ತಾರೆ. ಹಗ್ಗದ ಮೇಲೆ ನಡೆಯುವವರಿಗೆ ಒಂದು ಬಣ್ಣ, ಜೋಕರ್‌ಗೆ ಜೊತೆಯಾಗುವವರಿಗೆ ಒಂದು ಬಣ್ಣ, ಸುಮ್ಮನೆ ಕುಳಿತು ನೋಡುವವರಿಗೆ ಒಂದು ಬಣ್ಣ. ಕೊನೆಯ ಬಣ್ಣದವರನ್ನು ಯಾರೂ ಮಾತಾಡಿಸುವಂತಿಲ್ಲ. ಜೋಕರ್ ಯಾವಾಗಲೂ ತಾನೇ ಮೊದಲು ಎಡವಬೇಕು, ಬಂದವರು ಅವನನ್ನು ಎತ್ತಬೇಕು. ಕೇಳದೆ ಯಾರನ್ನೂ ಮುಟ್ಟಬಾರದು. ಬಂದವರು ಏನು ಹೇಳಿದರೂ ಕಲಾವಿದರು ಅದನ್ನು ಅಲ್ಲಗಳೆಯದೆ ಅಲ್ಲಿಂದಲೇ ಆಟ ಬೆಳೆಸಬೇಕು. ಚೆಂಡೆಯವರು ಎಲ್ಲರ ಮುಖ ನೋಡುತ್ತಿರುತ್ತಾರೆ. ಯಾರಾದರೂ ಮುದುಡುತ್ತಿದ್ದಾರೆ ಎಂದು ಅವರಿಗೆ ಕಂಡ ಕೂಡಲೇ ಮುಕ್ತಾಯ ಬಾರಿಸುತ್ತಾರೆ, ಆಟ ಎಲ್ಲಿದೆಯೋ ಅಲ್ಲಿಗೆ ನಿಲ್ಲುತ್ತದೆ. ದೀಪಾವಳಿಯ ನಂತರ, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ, ಚೆಂಡೆಯವರಿಗೆ ಯಕ್ಷಗಾನ ಮೇಳದ ತಿರುಗಾಟವಿರುತ್ತದೆ. ನಮ್ಮ ಆಟ ಐದೂವರೆಗೇ ಮುಗಿಯುವುದರಿಂದ, ಮೇಳದ ಬಿಡಾರ ಹತ್ತಿರದಲ್ಲಿರುವ ದಿನಗಳಲ್ಲಿ ಬರಲು ಅವರು ಒಪ್ಪಿದ್ದಾರೆ. ಉಳಿದ ದಿನಗಳಿಗೆ ಅವರ ಶಿಷ್ಯರೊಬ್ಬರು ತಯಾರಾಗುತ್ತಿದ್ದಾರೆ.

ಸೆಪ್ಟೆಂಬರ್

ಖಾಲಿ ಬೋನಿನ ವಿಷಯದಲ್ಲಿ ದೀರ್ಘ ಚರ್ಚೆಯಾಯಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರ 1998ರ ಅಧಿಸೂಚನೆಯಲ್ಲಿ ನಿಷೇಧಿಸಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಇತಿಹಾಸವನ್ನು ನೆನಪಿಸುವ ಒಂದು ಬೋನು ಇರಬೇಕು ಎಂಬುದರಲ್ಲಿ ಎಲ್ಲರೂ ಒಂದಾಗಿದ್ದೆವು. ಅದರೊಳಗೆ ಹುಲಿವೇಷದವರೊಬ್ಬರನ್ನು ಕೂರಿಸೋಣ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ನವರಾತ್ರಿಯಲ್ಲಿ ಹರಕೆ ಹೊತ್ತು ಮೈಗೆ ಬಣ್ಣ ಬಳಿದುಕೊಳ್ಳುವ ಹುಲಿಯನ್ನು ಬೋನಿಗೆ ಹಾಕುವುದು ಈ ಊರಿನ ಯಾರಿಗೂ ಸರಿಕಾಣದು. ಬೋನು ಖಾಲಿಯಾಗಿಯೇ ಇರುತ್ತದೆ, ಒಳಗೆ ಹೋಗಿ ಕೂರಬಹುದು, ಚಿಲಕ ಒಳಬದಿಯಲ್ಲಿದೆ. ಸರ್ಕಸ್ಸಿನಲ್ಲಿ ಮಕ್ಕಳ ದುಡಿಮೆ ಕೂಡದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಅದನ್ನು ಗೌರವಿಸಿ ನಮ್ಮ ಕಲಾವಿದರ ಪಟ್ಟಿಯಲ್ಲಿ ಹದಿನೆಂಟು ತುಂಬದವರು ಯಾರೂ ಇಲ್ಲ. ಮಕ್ಕಳು ಅತಿಥಿಗಳಾಗಿ ಮಾತ್ರ ಬರುತ್ತಾರೆ.

ಎರಡನೆಯ ಪ್ರಯೋಗಕ್ಕೆ ಹದಿನೈದು ಜನ ಬಂದಿದ್ದರು. ಅವರಲ್ಲಿ ಹಿಂದೆ ಇಂಥದೇ ಕಾರ್ಖಾನೆಯಲ್ಲಿ ದುಡಿದ ವೃದ್ಧೆಯೊಬ್ಬರು ಹಗ್ಗದ ನಡಿಗೆಯ ಟಿಕೆಟನ್ನೇ ಆರಿಸಿಕೊಂಡರು. ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಳವನ್ನು ಬೇಡವೆಂದು ಪಕ್ಕಕ್ಕಿಟ್ಟು ತೊಲೆಯನ್ನು ಹತ್ತಿದರು. ನಾಲ್ಕನೆಯ ಹೆಜ್ಜೆಗೆ ಅವರ ದೃಷ್ಟಿ ಕನ್ನಡಿಗೆ ಬಿತ್ತು. ನಿಂತರು. ಚೆಂಡೆ ಬಹಳ ಮೆಲ್ಲಗಾಯಿತು. ಚಾಪೆಯ ಮೇಲೆ ಬಿದ್ದುಕೊಂಡಿದ್ದ ಜೋಕರ್ ಅಲ್ಲಿಂದಲೇ, “ಅಮ್ಮಾ, ಕೆಳಗೆ ಏನು ಕಾಣುತ್ತದೆ?” ಎಂದು ಕೇಳಿದರು. “ಮಾಡು ಕಾಣುತ್ತದೆ” ಎಂದು ತುಳುವಿನಲ್ಲಿ ಹೇಳಿ, ಸ್ವಲ್ಪ ತಡೆದು, “ಇಂಥ ಹಂಚನ್ನೆಲ್ಲ ತಲೆಯ ಮೇಲೆ ಹೊತ್ತಿದ್ದೇನೆ, ಮೇಲಿನಿಂದ ನೋಡಿದ್ದು ಇವತ್ತೇ” ಎಂದರು. ಜೋಕರ್ ಆ ಮಾತನ್ನು ಹಿಡಿದುಕೊಂಡು, ಹಾಗಾದರೆ ಯಾವ ಹಂಚು ಸೋರುತ್ತಿದೆ ಹೇಳಿ, ಹತ್ತಿ ಸರಿಮಾಡುತ್ತೇನೆ ಎಂದು ಕೆಳಗೆ, ಕನ್ನಡಿಯ ಕಡೆಗೆ, ಏಣಿ ಇಳಿಬಿಡುವಂತೆ ನಟಿಸಿದರು. ಅವರು ಬೆರಳು ತೋರಿಸಿ ನಿರ್ದೇಶನ ಕೊಡತೊಡಗಿದರು. ಕುಳಿತಿದ್ದವರೂ ಎದ್ದು ಬಂದು ತಮಗೆ ಕಂಡ ಸೋರಿಕೆಗಳನ್ನು ತೋರಿಸಿದರು. ನಾಲ್ಕು ನಿಮಿಷದ ಆಟ ಹನ್ನೊಂದು ನಿಮಿಷ ನಡೆಯಿತು. ಆ ಅಮ್ಮ ತುದಿಯ ಹಲಗೆಯ ಮೇಲೆ ಎರಡು ಪಾದ ಊರಿ ನಮ್ಮ ಕಡೆ ತಿರುಗುವವರೆಗೆ ಚೆಂಡೆಯವರು ಮುಕ್ತಾಯ ಬಾರಿಸಲಿಲ್ಲ.

ಅಕ್ಟೋಬರ್

ಅವರು ತೋರಿಸಿದ ಸೋರಿಕೆಗಳಲ್ಲಿ ಮೂರು ನಿಜವಾಗಿಯೂ ಇದ್ದವು. ಕಳೆದ ವಾರದ ಮಳೆಯಲ್ಲಿ ಆ ಮೂರೂ ಕಡೆ ನೀರು ಬಿದ್ದು, ಒಂದು ಕನ್ನಡಿಯ ಕೆಳಗಿನ ಪ್ಲೈವುಡ್ ಉಬ್ಬಿದೆ. ಈ ಭಾನುವಾರ ಮಾಡು ಹತ್ತಿ ಹಂಚು ಬದಲಾಯಿಸುವವರು ಬರುತ್ತಾರೆ. ಯಾವ ಹಂಚು ಎಂದು ತೋರಿಸಲು ಆ ಅಮ್ಮನೂ ಬರುತ್ತೇನೆ ಎಂದಿದ್ದಾರೆ.