ಜೀಬ್ರಾ ಮೀನಿನ ಲ್ಯಾಬ್ ಡೈರಿ: ಲೈಟ್ ಮಾಡಿದ ಎಡವಟ್ಟು

ಮೊದಲ ವಾರ

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋ. ಕೆಲಸ ಜೀಬ್ರಾ ಮೀನಿನ ಜೊತೆ. ಅಕ್ವೇರಿಯಂ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದಲ್ಲ, ಮೈಮೇಲೆ ನೀಲಿ ಗೆರೆ ಇರುವ ಅರ್ಧ ಬೆರಳುದ್ದದ ಮೀನು, ಅದೇ. ಇದು ನಮ್ಮ ದೇಶದ್ದೇ. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಬರೆಯುವಾಗ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ ಸುತ್ತಿದ ಬುಕಾನನ್ ಇದ್ದಾನಲ್ಲ, ಅವನೇ ಇವನು. ಆಮೇಲೆ ಹೆಸರು ಬದಲಿಸಿಕೊಂಡ.

ನನ್ನ ಪ್ರಶ್ನೆ ಎಕ್ಸ್‌ಪಿಎ ಎಂಬ ಜೀನಿನದ್ದು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸದು ಹಾಕುವ ತಂಡ ಒಂದಿದೆ. ಎಕ್ಸ್‌ಪಿಎ ಅದರಲ್ಲೊಂದು. ಈ ಜೀನ್ ಕೆಟ್ಟು ಹುಟ್ಟಿದವರಿಗೆ ಬಿಸಿಲು ಆಗುವುದಿಲ್ಲ, ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿಗೇ ಬರುತ್ತದೆ. ಅಷ್ಟೇ ಆಗಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಇವರಲ್ಲಿ ಹಲವರಿಗೆ ಕಿವಿ ಮಂದವಾಗುತ್ತದೆ, ನಡಿಗೆ ಹದ ತಪ್ಪುತ್ತದೆ, ವಯಸ್ಸಾದವರ ಹಾಗೆ ಮಿದುಳು ಸವೆಯುತ್ತದೆ. ಬಿಸಿಲೇ ತಾಗದ ಮಿದುಳು ಯಾಕೆ ಸವೆಯಬೇಕು? ನರಕೋಶ ಆಮ್ಲಜನಕ ಜಾಸ್ತಿ ಸುಡುತ್ತದೆ, ಅದರ ಕಿಡಿ ಒಳಗಿನಿಂದಲೇ ಡಿಎನ್‌ಎಗೆ ತಾಗುತ್ತದೆ ಎಂಬ ಗುಮಾನಿ ಇದೆ. ಬಹುಪಾಲು ನರಕೋಶಗಳು ಮತ್ತೆ ಒಡೆದು ಹೆಚ್ಚುವುದಿಲ್ಲ. ಹೋದದ್ದು ಹೋಯಿತು.

ಮೀನೇ ಯಾಕೆ ಅಂದರೆ ಮರಿ ಗಾಜಿನ ಹಾಗೆ. ಮಿದುಳಲ್ಲಿ ಕೋಶ ಸಾಯುವುದನ್ನು ಜೀವಂತ ಇರುವಾಗಲೇ ನೋಡಬಹುದು.

ಎರಡನೇ ವಾರ

ಸಂಜೆ ಗಂಡು ಹೆಣ್ಣನ್ನು ಒಂದೇ ಡಬ್ಬಿಗೆ ಹಾಕಿ ನಡುವೆ ಪ್ಲಾಸ್ಟಿಕ್ ಗೋಡೆ ಇಡುವುದು. ಬೆಳಿಗ್ಗೆ ಲೈಟ್ ಬಂದ ಮೇಲೆ ಗೋಡೆ ತೆಗೆದರೆ ಅರ್ಧ ಗಂಟೆಯೊಳಗೆ ಮೊಟ್ಟೆ. ಟೀ ಸೋಸುವ ಜರಡಿಯಲ್ಲಿ ಹಿಡಿದು ತೊಳೆಯುತ್ತೇನೆ. ನೆನೆಸಿದ ಸಬ್ಬಕ್ಕಿಯನ್ನು ಕಿರಿದು ಮಾಡಿದ ಹಾಗಿರುತ್ತವೆ, ಒಂದೊಂದೂ ಒಂದು ಮಿಲಿಮೀಟರಿಗಿಂತ ಚೂರು ದೊಡ್ಡದು.

ಆಮೇಲೆ ಓಟ. ಒಂದು ಕೋಶ ಎರಡಾಗಲು ಸುಮಾರು 45 ನಿಮಿಷ. ಅಷ್ಟರೊಳಗೆ ಮೊಟ್ಟೆಗಳನ್ನು ಅಗರೋಸ್ ಎಂಬ ಜೆಲ್ಲಿಯ ಸಾಲಿನಲ್ಲಿ ಕೂರಿಸಿ, ಗಾಜಿನ ಸೂಜಿಯಿಂದ ಎಕ್ಸ್‌ಪಿಎ ಜೀನನ್ನು ಕತ್ತರಿಸಿ ಕೆಡಿಸುವ ಕ್ರಿಸ್ಪರ್ ದ್ರಾವಣ ಚುಚ್ಚಬೇಕು. ಕೆಂಪು ಬಣ್ಣ ಬೆರೆಸಿರುವುದರಿಂದ ಹನಿ ಒಳಗೆ ಹೋದದ್ದು ಕಾಣುತ್ತದೆ. ಮೊದಲ ದಿನ ಸೂಜಿ ಮೂರು ಸಲ ಮುರಿಯಿತು. ಈಗ ಕೈ ಕೂತಿದೆ.

24 ಗಂಟೆ ಆದ ಭ್ರೂಣಗಳಿಗೆ ಯುವಿ, ಅಂದರೆ ಡಿಎನ್‌ಎಗೆ ಪೆಟ್ಟು ಕೊಡುವ ನೇರಳಾತೀತ ಬೆಳಕು ಕೊಟ್ಟೆ. ಚುಚ್ಚಿದ್ದು ಒಂದು ಪ್ಲೇಟ್, ಚುಚ್ಚದ್ದು ಒಂದು ಪ್ಲೇಟ್. ಜೀನ್ ಕೆಟ್ಟ, ಅಂದರೆ ಚುಚ್ಚಿದ ಮರಿಗಳು ನರಳಬೇಕಿತ್ತು. ಮರುದಿನ ನೋಡಿದರೆ ಎರಡೂ ಚೆನ್ನಾಗಿವೆ! ಬಾಲ ಆಡಿಸಿಕೊಂಡು ಆರಾಮಾಗಿವೆ.

ನಾಲ್ಕನೇ ವಾರ

ಮತ್ತೆ ಅದೇ ಕಥೆ. ಯುವಿ ದೀಪ ಸತ್ತಿದೆಯಾ ಅಂತ ಪಕ್ಕದ ಲ್ಯಾಬಿನ ಮೀಟರ್ ತಂದು ಅಳೆದೆ. ಸರಿ ಇದೆ. ಕ್ರಿಸ್ಪರ್ ಕತ್ತರಿಸಿಲ್ವಾ ಅಂತ ಡಿಎನ್‌ಎ ಸೀಕ್ವೆನ್ಸ್ ಮಾಡಿಸಿದೆ, ಅಂದರೆ ಅಕ್ಷರ ಅಕ್ಷರ ಓದಿಸಿದೆ. ಕತ್ತರಿಸಿದೆ. ಎಲ್ಲಿ ಕತ್ತರಿಸಬೇಕೆಂದು ಕ್ರಿಸ್ಪರ್‌ಗೆ ತೋರಿಸುವ ಗೈಡ್ ಆರ್‌ಎನ್‌ಎ ಹೊಸದಾಗಿ ತರಿಸಬೇಕಂದರೆ ದುಡ್ಡಿಲ್ಲ. ನನ್ನ ಫೆಲೋಶಿಪ್ಪೇ ಮೂರು ತಿಂಗಳಿಂದ ಬಂದಿಲ್ಲ. (2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ ಎಂದಾಗಿದೆ. ಕಾಗದದ ಮೇಲೆ ಪ್ರತಿ ತಿಂಗಳೂ.) ಅಮ್ಮ ಫೋನಲ್ಲಿ, "ಮೀನಿಗೆ ವಯಸ್ಸಾಗೋದು ನೋಡೋಕೆ ಸಂಬಳ ಬೇರೆ ಕೊಡ್ತಾರಾ?" ಅಂದರು. ಕೊಡ್ತಾರೆ ಅಂತ ಹೇಳಲು ಆ ದಿನ ಬಾಯಿ ಬರಲಿಲ್ಲ.

ಐದನೇ ವಾರ

ಗುರುವಾರ ನಮ್ಮ ಇನ್‌ಕ್ಯುಬೇಟರ್ ತುಂಬಿತ್ತು. ಯುವಿ ಕೊಟ್ಟ ಒಂದು ಪ್ಲೇಟನ್ನು ಮೂಲೆಯ ಹಳೇ ಇನ್‌ಕ್ಯುಬೇಟರಿಗೆ ತಳ್ಳಿದೆ. ಅದೇ 28.5 ಡಿಗ್ರಿ. ಒಂದೇ ವ್ಯತ್ಯಾಸ, ಅದರೊಳಗೆ ಲೈಟ್ ಇಲ್ಲ. ಬೆಳಿಗ್ಗೆ ತೆಗೆದರೆ ಅರ್ಧಕ್ಕಿಂತ ಜಾಸ್ತಿ ಸತ್ತಿವೆ. ಉಳಿದವಕ್ಕೆ ಬಾಲ ಸೊಟ್ಟ, ತಲೆಯ ಜಾಗ ಮಸುಕು. ಅದು ಚುಚ್ಚದ ಪ್ಲೇಟ್ ಬೇರೆ! ಚೀಟಿ ಅದಲುಬದಲಾಗಿದೆ ಅಂತಲೇ ಅಂದುಕೊಂಡೆ.

ಸೀನಿಯರ್ ಅಕ್ಕ ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು: "ಯುವಿ ಕೊಟ್ಟ ಮೇಲೆ ಲೈಟ್ ಆರಿಸಿದ್ಯೇನೋ?"

ಆರಿಸಿರಲಿಲ್ಲ. ಮೀನಿಗೆ ಫೋಟೊಲೈಯೇಸ್ ಎಂಬ ಕಿಣ್ವ ಇದೆ. ಯುವಿಯಿಂದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಅಕ್ಷರ ಅಂಟಿಕೊಂಡರೆ, ನೀಲಿ ಬೆಳಕಿನ ಶಕ್ತಿ ಹಿಡಿದು ಆ ಅಂಟನ್ನು ನೇರವಾಗಿ ಬಿಡಿಸುತ್ತದೆ. ಎಕ್ಸ್‌ಪಿಎ ಇರುವ ಕತ್ತರಿಸುವ ತಂಡಕ್ಕೆ ಕೆಲಸವೇ ಉಳಿಯುವುದಿಲ್ಲ. ಬ್ಯಾಕ್ಟೀರಿಯಾಗೂ ಇದೆ, ಕಪ್ಪೆಗೂ ಇದೆ. ನಮಗಿಲ್ಲ. ಇಲಿಗೂ ಇಲ್ಲ. ಹಾಗಾಗಿ ಮೀನಿನಲ್ಲಿ ಮನುಷ್ಯರ ಕಾಯಿಲೆ ನೋಡಬೇಕಂದರೆ ಕತ್ತಲಲ್ಲಿಟ್ಟು ನೋಡಬೇಕು. ನಾನು ಮೂರು ವಾರ ಮರಿಗಳಿಗೆ ಪೆಟ್ಟು ಕೊಟ್ಟು, ಜೊತೆಗೇ ಮದ್ದನ್ನೂ ಕೊಡುತ್ತಿದ್ದೆ.

ರಾತ್ರಿ ಕೂತು ಹಳೆಯದನ್ನೆಲ್ಲ ಓದಿದೆ. 1949ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ರೆನಾಟೊ ಡುಲ್‌ಬೆಕ್ಕೊ ಯುವಿ ಕೊಟ್ಟ ವೈರಸ್‌ಗಳ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ ಟ್ಯೂಬ್‌ಲೈಟಿನ ಕೆಳಗೆ ಇಟ್ಟಿದ್ದ. ಮೇಲಿನ ಪ್ಲೇಟಿಗೂ ಕೆಳಗಿನದಕ್ಕೂ ಫಲಿತಾಂಶ ಬೇರೆ ಬೇರೆ. ಅದೇ ಸುಮಾರಿಗೆ ಆಲ್ಬರ್ಟ್ ಕೆಲ್ನರ್‌ಗೂ ಬೇರೆ ಸೂಕ್ಷ್ಮಜೀವಿಗಳಲ್ಲಿ ಇದೇ ಕಂಡಿತ್ತು. ಟರ್ಕಿಯಲ್ಲಿ ಹುಟ್ಟಿದ ಅಜೀಜ್ ಸಂಜಾರ್ ಸಂಶೋಧನೆ ಶುರು ಮಾಡಿದ್ದು ಈ ಕಿಣ್ವದಿಂದಲೇ. 2015ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಡುಲ್‌ಬೆಕ್ಕೊ, ಕೆಲ್ನರ್ ಅವರ ಎಡವಟ್ಟಿಗೆ ಪೇಪರ್ ಬಂತು, ನನ್ನದಕ್ಕೆ ಬೈಗುಳ. ಎಪ್ಪತ್ತು ವರ್ಷ ತಡ, ಏನು ಮಾಡೋದು.

ಏಳನೇ ವಾರ

ಈಗ ಯುವಿ ಕೊಟ್ಟ ತಕ್ಷಣ ಪ್ಲೇಟಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತುತ್ತೇನೆ. ಯುವಿಯ ಪ್ರಮಾಣ ಇಳಿಸಿದ್ದೇನೆ. ಚುಚ್ಚಿದವು, ಚುಚ್ಚದವುಗಳ ನಡುವೆ ವ್ಯತ್ಯಾಸ ಕಾಣುತ್ತಿದೆ, ಆದರೆ ಸಣ್ಣದು. ಅದಕ್ಕೆ ಕಾರಣ ತಾಯಿ ಇರಬಹುದು. ಮೊಟ್ಟೆಯೊಳಗೆ ತಾಯಿ ಮೊದಲೇ ಬುತ್ತಿ ಕಟ್ಟಿ ಇಟ್ಟಿರುತ್ತಾಳೆ, ಪ್ರೋಟೀನು ಆರ್‌ಎನ್‌ಎ ಎಲ್ಲ. ಮರಿಯ ಜೀನ್ ಕೆಡಿಸಿದರೂ ಬುತ್ತಿ ಮುಗಿಯುವ ತನಕ ನಡೆಯುತ್ತದೆ. ಮುಂದಿನ ಸಲ ಮೂರನೇ ದಿನ ಯುವಿ ಕೊಡುತ್ತೇನೆ.

ಈ ಕೆಲಸಕ್ಕೆ ಹೇಗೆ ಬರೋದು ಅಂತ ಎಂಎಸ್ಸಿ ಹುಡುಗಿಯೊಬ್ಬಳು ಕೇಳಿದ್ದಳು. ಫೆಲೋಶಿಪ್‌ಗೆ ಬೇಕಾದ ನೆಟ್ ಪರೀಕ್ಷೆ ಬರಿ, ಆದರೆ ಅದಕ್ಕೆ ಮೊದಲು ಯಾವುದಾದರೂ ಮೀನಿನ ಕೋಣೆಯಲ್ಲಿ ಎರಡು ತಿಂಗಳು ಇರು. ಬೆಂಗಳೂರಿನ ಎನ್‌ಸಿಬಿಎಸ್, ಹೈದರಾಬಾದಿನ ಸಿಸಿಎಂಬಿ, ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಗಳಲ್ಲಿ ಜೀಬ್ರಾ ಮೀನಿನ ಕೆಲಸ ನಡೆಯುತ್ತದೆ. ಪಿಎಚ್‌ಡಿಯೇ ಆಗಬೇಕೆಂದೂ ಇಲ್ಲ. ಮೀನಿನ ಭ್ರೂಣದಲ್ಲಿ ರಾಸಾಯನಿಕಗಳ ವಿಷ ಅಳೆಯುವ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ ವಿಧಾನ 2013ರಿಂದ ಇದೆ, ಆ ಕೆಲಸ ಗೊತ್ತಿದ್ದವರನ್ನು ಕಂಪನಿಗಳೂ ಕರೆಯುತ್ತವೆ. ಭಾನುವಾರವೂ ಮೀನಿಗೆ ಹಸಿವಾಗುತ್ತದೆ ಎಂಬುದು ಮಾತ್ರ ನೆನಪಿರಲಿ.

ವಯಸ್ಸಾಗುವುದನ್ನು ನೋಡಲು ಬೇರೆಯದೇ ತಾಳ್ಮೆ ಬೇಕು. ಈ ಮೀನು ಮೂರು ವರ್ಷದ ಆಸುಪಾಸು ಬದುಕುತ್ತದೆ. ಬೇಗ ಮುಗಿಯಬೇಕೆನ್ನುವವರು ಆಫ್ರಿಕಾದ ಕಿಲ್ಲಿಫಿಶ್ ಸಾಕುತ್ತಾರೆ, ಅದರದ್ದು ಕೆಲವೇ ತಿಂಗಳ ಆಯುಸ್ಸು. ನಮ್ಮ ಕೊನೇ ಸಾಲಿನ ತೊಟ್ಟಿಯಲ್ಲಿ ಒಂದು ಮುದುಕ ಇದ್ದಾನೆ, ಬೆನ್ನು ಬಾಗಿದೆ, ಊಟಕ್ಕೆ ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ನಾನು ಸೇರುವ ಮುಂಚಿನಿಂದ ಇದ್ದಾನಂತೆ.

ಚುಚ್ಚಿ, ಯುವಿ ಕೊಡದೆ ಉಳಿಸಿಕೊಂಡ 38 ಮರಿಗಳನ್ನು ನಿನ್ನೆ ತೊಟ್ಟಿಗೆ ಬಿಟ್ಟೆ. ಮೂರು ತಿಂಗಳಿಗೆ ದೊಡ್ಡವಾಗುತ್ತವೆ. ಆಗ ಅವುಗಳ ಮರಿಗಳಲ್ಲಿ ಯಾವುದಕ್ಕೆ ಕೆಟ್ಟ ಜೀನ್ ಬಂದಿದೆ ಅಂತ ಹುಡುಕಬೇಕು. ತೊಟ್ಟಿಗೆ ಚೀಟಿ ಅಂಟಿಸಿ ತಾರೀಖು ಬರೆದೆ. ಈ ಸಲ ಎರಡೆರಡು ಕಡೆ.